ವಾರಾಂತ್ಯದ ಬೈಕ್ ರ‍್ಯಾಲಿ: ರೋಣ ಸೀಮೆಗೊಂದು ಅವಕಾಶ

ಚಳಿಗಾಲದ ಶನಿವಾರಗಳಂದು ಹೊರಡುವ ಬೈಕ್ ಸವಾರರು ಹಂಪಿಯನ್ನೋ ಬಾದಾಮಿ, ಪಟ್ಟದಕಲ್ಲುಗಳನ್ನೋ ನೋಡಿ ಹಿಂದಿರುಗುತ್ತಾರೆ. ಇವೆರಡರ ನಡುವಿನ ರೋಣ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಅವರು ಚಹಾ ಕುಡಿಯಲು ನಿಂತರೆ ಅದೇ ಹೆಚ್ಚು. ಸವಡಿಯಂಥ ಊರುಗಳ ಖಾನಾವಳಿ, ಗ್ಯಾರೇಜು, ಪಂಕ್ಚರ್ ಅಂಗಡಿಗಳಿಗೆ ದಕ್ಕುವುದು ಧೂಳು ಮಾತ್ರ. ಕೆಲಸ ಬಲ್ಲ ಹುಡುಗರು ದುಡಿಮೆಗಾಗಿ ಗೋವಾ, ಮಂಗಳೂರುಗಳ ಬಸ್ಸು ಹತ್ತುತ್ತಿರುವಾಗ ಮಂಡಳಿಯು ಈ ಸಂಚಾರದತ್ತ ಗಮನ ಹರಿಸುವುದು ಉಚಿತ.

ರ‍್ಯಾಲಿ ಎಂದೊಡನೆ ವೇಗದ ಸ್ಪರ್ಧೆ ಕಣ್ಣೆದುರು ನಿಲ್ಲುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದ್ದು ಹೆಮ್ಮೆಯ ಸಂಗತಿಯೇ. ಆದರೆ ಅದು ನಮ್ಮ ಹಳ್ಳಿಯ ರಸ್ತೆಗಳಿಗೆ ಮಾದರಿಯಲ್ಲ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನನ್ವಯ ಅಪರಾಧವೂ ಹೌದು. ಅಮೆರಿಕದ ಐರನ್ ಬಟ್ ಸಂಘದ ಸವಾರರು 24 ಗಂಟೆಗಳಲ್ಲಿ 1,000 ಮೈಲಿ, ಅಂದರೆ ಸುಮಾರು 1,609 ಕಿ.ಮೀ. ಕ್ರಮಿಸಿ, ವೇಳೆ ನಮೂದಾದ ಪೆಟ್ರೋಲ್ ರಸೀದಿಗಳನ್ನು ಪುರಾವೆಯಾಗಿ ಒಪ್ಪಿಸುತ್ತಾರೆ. ಅಷ್ಟು ದೂರ ನಮಗೆ ಬೇಡ. ಆ ರಸೀದಿಯ ಪದ್ಧತಿ ಮಾತ್ರ ಬೇಕು. ವ್ಯಾಪಾರಿಗೆ ಇದಕ್ಕಿಂತ ಒಪ್ಪುವ ಪುರಾವೆ ಬೇರೊಂದಿದೆಯೇ?

ಸವಾರನು ತನ್ನೂರಿನಿಂದ ತನಗನುಕೂಲವಾದ ಹೊತ್ತಿಗೆ ಹೊರಡಲಿ, ದಾರಿಯನ್ನೂ ತಾನೇ ಆಯ್ದುಕೊಳ್ಳಲಿ. ನರಗುಂದದ ಕೋಟೆ, ಗಜೇಂದ್ರಗಡದ ಕಾಲಕಾಲೇಶ್ವರ, ಸೂಡಿಯ ಜೋಡು ಕಳಸದ ಗುಡಿ ಮತ್ತು ನಾಗಕುಂಡ, ಇವುಗಳಲ್ಲಿ ಎರಡನ್ನಾದರೂ ಕಂಡು, ಆಯಾ ಊರಿನ ಅಂಗಡಿಯ ರಸೀದಿಯೊಡನೆ ಭಾನುವಾರ ಮಧ್ಯಾಹ್ನದೊಳಗೆ ಸವಡಿ ತಲುಪಿದರೆ ಸಾಕು. ಮೊದಲು ಬಂದವನಿಗೆ ಬಹುಮಾನವಿರಕೂಡದು. ಕತ್ತಲಾದ ಮೇಲೆ ಓಡಿಸಿದವನ ಅಂಕ ಕಳೆಯಬೇಕು. ಸುಗ್ಗಿಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರು, ಚಕ್ಕಡಿಗಳು ರಸ್ತೆಯಲ್ಲಿರುತ್ತವೆ, ರಸ್ತೆಯ ಮೇಲೆಯೇ ರಾಶಿ ಮಾಡುವವರೂ ಉಂಟು. ಮಳೆಗಾಲವಂತೂ ಸರ್ವಥಾ ಬೇಡ. ಹಸಿ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಎಂಥ ಸಾಹಸಿಯಾದರೂ ಗಾಡಿ ತಳ್ಳಬೇಕಾಗುತ್ತದೆ.

ವಸತಿಗೃಹಗಳ ಕೊರತೆಯನ್ನು ಕೆಲವರು ಮುಂದೊಡ್ಡಬಹುದು. ಆಕ್ಷೇಪ ಸರಿಯಾದುದೇ. ಆದುದರಿಂದಲೇ ಮೊದಲ ವರ್ಷ ಐವತ್ತು ಸವಾರರಿಗೆ ಮಿತಿಗೊಳಿಸಿ, ಕಲ್ಯಾಣಮಂಟಪವೊಂದನ್ನು ಬಾಡಿಗೆಗೆ ಹಿಡಿದು, ಜೋಳದ ರೊಟ್ಟಿಯ ಊಟವನ್ನು ಸ್ಥಳೀಯ ಸ್ವಸಹಾಯ ಸಂಘಗಳಿಗೆ ವಹಿಸಬಹುದು. ಕರ್ಕಶ ಸೈಲೆನ್ಸರಿನ ಬೈಕುಗಳನ್ನು ಊರ ಹೊರಗೇ ತಡೆಯಬೇಕು.

ಹನ್ನೊಂದನೆಯ ಶತಮಾನದಲ್ಲಿ ಅಕ್ಕಾದೇವಿಯು ಸೂಡಿಯ ಆಡಳಿತದ ಕಟ್ಟಳೆಯನ್ನು ನವೀಕರಿಸಿಕೊಟ್ಟದ್ದು ಎಂಟು ಸೆಟ್ಟಿಗಳಿಗೆ ಹಾಗೂ ಎಂಬತ್ತು ಮನೆತನಗಳಿಗೆ ಎಂದು ಅಲ್ಲಿನ ಶಾಸನ ತಿಳಿಸುತ್ತದೆ. ಇಂದು ನಮ್ಮ ಮಂಡಳಿಯಿಂದ ಎಂಟು ಮಂದಿ ಮುಂದೆ ಬಂದರೂ ಪೊಲೀಸ್ ಹಾಗೂ ಪ್ರವಾಸೋದ್ಯಮ ಇಲಾಖೆಗಳಿಗೆ ಅರ್ಜಿ ಸಿದ್ಧಪಡಿಸಬಹುದು.