ಬೆಸುಗೆಗೂ ಹೊಂದಿಕೆ ಬೇಕು

ರೇಡಿಯೋ, ಮೊಬೈಲುಗಳ ಸರ್ಕ್ಯೂಟ್ ಬೋರ್ಡಿನಲ್ಲಿ ಬಿಡಿಭಾಗಗಳನ್ನು ಹಿಡಿದಿಡುವುದು ಬೆಸುಗೆ. 63 ಪಾಲು ತವರ, 37 ಪಾಲು ಸೀಸ ಬೆರೆತ ಹಳೆಯ ಬೆಸುಗೆಯು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಸೀಸವು ವಿಷವಷ್ಟೆ, ಯೂರೋಪ್ ಒಕ್ಕೂಟವು 2006ರ ಜುಲೈಯಿಂದ ಅದನ್ನು ಬಹುಮಟ್ಟಿಗೆ ನಿಷೇಧಿಸಿತು. ನಮ್ಮ ದೇಶದಲ್ಲಿಯೂ ಬಳಿಕ ಅಂಥ ನಿಯಮವೇ ಬಂದಿತು. ಬದಲಿಗೆ ಬಂದ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ ಕರಗಲು ಸುಮಾರು 217 ಡಿಗ್ರಿ ಬೇಕು. ಹಳೆಯ ಕಾವಿಗೆಂದು ತಯಾರಾದ ಭಾಗ ಹೊಸ ಕಾವನ್ನು ತಾಳದೆ ಕೆಡಬಹುದು. ಹೊಸ ಭಾಗದ ಬೆಸುಗೆ ಹಳೆಯ ಕಾವಿನಲ್ಲಿ ಪೂರ್ತಿ ಕರಗದೆ ಸಡಿಲವಾಗಬಹುದು.

ನಿಷೇಧ ಸರಿಯೇ. ದುಡಿಯುವವನ ಆರೋಗ್ಯಕ್ಕಿಂತ ಸುಲಭವಾಗಿ ಕರಗುವ ಬೆಸುಗೆ ದೊಡ್ಡದಲ್ಲ. ಆದರೆ ಯಾವ ಬೆಸುಗೆ, ಎಷ್ಟು ಕಾವು ಎಂಬುದನ್ನು ಪ್ರತಿಯೊಂದು ಬೋರ್ಡಿನ ಮೇಲೂ ನಮೂದಿಸಬೇಕು. ನಮ್ಮ ಪೇಟೆಯ ರಿಪೇರಿಯವನಿಗೆ ಅದನ್ನು ಕನ್ನಡದಲ್ಲಿ ತಿಳಿಸಿಕೊಡಬೇಕು. ಕಾನೂನು ಬಂದರೆ ಸಾಲದು, ಅದರ ತಿಳಿವಳಿಕೆಯೂ ಕೆಲಸಗಾರನ ಕೈಗೆ ತಲುಪಬೇಕೆಂಬುದೇ ನನ್ನ ಅಭಿಪ್ರಾಯ.