ಬೆಳಗಿನ ಹಾಲು ಮನೆಮಂದಿಯೂ ಕರೆಯಲಿ

ಹೈನುಗಾರ ಅಕ್ಕಂದಿರೇ,

ಹಸು ಬೆದರಿದರೆ ಹಾಲು ಇಳಿಸುವುದಿಲ್ಲ. ಅದು ಹಾರ್ಮೋನಿನ ಕೆಲಸ. ನಮ್ಮ ಮೈಯಲ್ಲೂ ಹಾಗೆಯೇ. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಇಳಿಯುತ್ತವೆ. ಹಲವರಿಗೆ ನಡುರಾತ್ರಿ ಮೈ ಬಿಸಿಯೇರಿ, ಬೆವರಿ ಎಚ್ಚರವಾಗುತ್ತದೆ. ಆದರೂ ನಸುಕಿನಲ್ಲೇ ಎದ್ದು ಹಾಲು ಕರೆದು ಸಂಘಕ್ಕೆ ಹಾಕಬೇಕು.

ಇದನ್ನು ಸೋಮಾರಿತನ, ಸಿಡುಕು ಎಂದು ಮನೆಯವರು ಹಂಗಿಸಬಾರದು. ಗಬ್ಬದ ಹಸುವಿಗೆ ಕರು ಹಾಕುವ ಎರಡು ತಿಂಗಳು ಮೊದಲೇ ಹಾಲು ಬತ್ತಿಸಿ ಬಿಡುವು ಕೊಡುತ್ತೇವೆ. ಮನೆಯೊಡತಿಗೆ ವಾರದಲ್ಲಿ ಎರಡು ಬೆಳಗಾದರೂ ಬಿಡುವು ಬೇಡವೇ? ಗಂಡ, ಮಕ್ಕಳು ಹಾಲು ಕರೆಯಲಿ. ಹಸುವಿಗೆ ಅವರ ಕೈಯೂ ಅಭ್ಯಾಸವಾಗಲಿ.

ಸಂಜೆಯ ಮೇಲೆ ಕಾಫಿ, ಟೀ ಬಿಡಿ. ವಾರಗಟ್ಟಲೆ ನಿದ್ದೆ ಕೆಟ್ಟರೆ ಆಶಾ ಕಾರ್ಯಕರ್ತೆಗೆ ಹೇಳಿ, ವೈದ್ಯರನ್ನು ಕಾಣಿ. ಇದಕ್ಕೆ ಚಿಕಿತ್ಸೆಯಿದೆ, ಹೇಳಿಕೊಳ್ಳಲು ನಾಚಿಕೆ ಬೇಡ.