ವಾಚು ಗಟ್ಟಿಯಾಗೇ ಇದೆ, ಗಟ್ಟಿ ಇಲ್ಲದ್ದು ನಮ್ಮ ಗುಂಡಿಗೆ

1/7
ಲಕ್ಷಗಟ್ಟಲೆ ಬೆಲೆಯ ವಾಚನ್ನು ದಿನಾ ಕಟ್ಕೊಂಡು ಓಡಾಡಬಹುದಾ? ಪ್ಲೇಸ್‌ಮೆಂಟ್ ಸೀಸನ್ ಬಂದ್ರೆ ಸಾಕು, ನಮ್ಮ ಕ್ಲಾಸಲ್ಲಿ ಈ ಚರ್ಚೆ ಶುರು. ಆಫರ್ ಲೆಟರ್ ಕೈಗೆ ಬರೋ ಮುಂಚೆನೇ ಕೆಲವರ ಇಎಂಐ ಲೆಕ್ಕ ರೆಡಿ ಇರುತ್ತೆ.

ಸಿಗೋ ಉತ್ತರ ಎರಡೇ. ಒಂದು: "ಅಯ್ಯೋ, ಅದು ನಾಜೂಕು. ಮದುವೆ-ಮುಂಜಿಗೆ ಮಾತ್ರ, ಮಿಕ್ಕ ದಿನ ಬೀರುವಿನಲ್ಲಿ ಇಡು." ಇನ್ನೊಂದು: "ಅಷ್ಟು ದುಡ್ಡು ಕೊಟ್ಟ ಮೇಲೆ ಮೂರು ತಲೆಮಾರು ಬಾಳಲೇಬೇಕು, ಕಣ್ಮುಚ್ಚಿ ತಗೋ ಗುರು."

ಎರಡೂ ತಪ್ಪು. ಎರಡರಲ್ಲೂ ಇರೋ ತಪ್ಪು ಒಂದೇ: ಬೆಲೆ ನೋಡಿ ಬಾಳಿಕೆ ಅಳೆಯೋದು. ಮೊದಲನೆಯವರಿಗೆ ದುಬಾರಿ ಅಂದ್ರೆ ನಾಜೂಕು, ಎರಡನೆಯವರಿಗೆ ದುಬಾರಿ ಅಂದ್ರೆ ಗಟ್ಟಿ. ಬಾಳಿಕೆ ಇರೋದು ಬೆಲೆಯ ಚೀಟಿಯಲ್ಲಲ್ಲ. ಗಾಜಿನಲ್ಲಿ, ಲೋಹದಲ್ಲಿ, ಒಂದು ಪುಟ್ಟ ರಬ್ಬರ್ ಉಂಗುರದಲ್ಲಿ ಇದೆ. ಅದನ್ನೇ ಒಂದೊಂದಾಗಿ ಬಿಚ್ಚಿ ನೋಡೋಣ. ಕೊನೆಗೆ ನಾನು ಹೇಳೋದು ಕೆಲವರಿಗೆ ಚುಚ್ಚಬಹುದು. ಚುಚ್ಚಲಿ.

2/7
ಮೊದಲು "ನಾಜೂಕು" ಅನ್ನೋರಿಗೆ ಉತ್ತರ.

ಇವತ್ತು ಗಾಜಿನ ಪೆಟ್ಟಿಗೆಯಲ್ಲಿ ಮೆರೀತಿರೋ ಎಷ್ಟೋ ವಾಚುಗಳು ಹುಟ್ಟಿದ್ದು ಏಟು ತಿನ್ನೋದಕ್ಕೆ ಅಂತಲೇ. ಜೇಗರ್-ಲಿಕೂಲ್ಟರ್ ಕಂಪನಿಯ "ರಿವರ್ಸೋ" ತಗೊಳ್ಳಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿ ಪೋಲೋ ಆಡ್ತಿದ್ದ ಸೇನಾಧಿಕಾರಿಗಳ ವಾಚಿನ ಗಾಜು ಪದೇಪದೇ ಒಡೀತಿತ್ತು. ಅದಕ್ಕೆ ಮದ್ದಾಗಿ 1931ರಲ್ಲಿ ಬಂತು, ಮುಖವನ್ನೇ ತಿರುಗಿಸಿ ಒಳಗೆ ಬಚ್ಚಿಡಬಹುದಾದ ವಾಚು.

ರೋಲೆಕ್ಸ್ 1926ರಲ್ಲಿ ನೀರು ಹೋಗದ "ಆಯ್ಸ್ಟರ್" ಕೇಸ್ ತಂತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಅನ್ನೋ ಈಜುಗಾತಿ ಅದನ್ನು ಕೊರಳಿಗೆ ಕಟ್ಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದಳು. ಹತ್ತು ಗಂಟೆಗೂ ಹೆಚ್ಚು ಹೊತ್ತು ಕೊರೆಯೋ ನೀರಿನಲ್ಲಿ ಈಜಿ, ಚಳಿ ತಡೀಲಾಗದೆ ಆಕೆ ಅರ್ಧದಲ್ಲಿ ಮೇಲೆ ಬಂದಳು. ವಾಚು ಮಾತ್ರ ಓಡ್ತಾನೇ ಇತ್ತು. 1953ರ ಸಬ್‌ಮರೀನರ್ ಮುಳುಗುಗಾರರ ಉಪಕರಣ. ಆಗ ಅದು 100 ಮೀಟರಿಗೆ, ಈಗ 300 ಮೀಟರಿಗೆ. ಒಮೆಗಾ ಸ್ಪೀಡ್‌ಮಾಸ್ಟರನ್ನು ನಾಸಾ ಬಿಸಿ, ಚಳಿ, ನಡುಕ, ಏಟು ಎಲ್ಲಾ ಕೊಟ್ಟು ಪರೀಕ್ಷಿಸಿ 1965ರಲ್ಲಿ ಒಪ್ಪಿಕೊಂಡಿತು. 1969ರಲ್ಲಿ ಬಜ್ ಆಲ್ಡ್ರಿನ್ ಅದನ್ನು ಕಟ್ಟಿಕೊಂಡೇ ಚಂದ್ರನ ಮೇಲೆ ಓಡಾಡಿದ್ದು.

ಚಂದ್ರನ ಮೇಲೆ ನಡೆದ ವಾಚು ಮೆಜೆಸ್ಟಿಕ್‌ನಲ್ಲಿ ನಡೆಯಲ್ವಾ? ನಡೆಯುತ್ತೆ. ಬೀರುವಿನಲ್ಲಿಟ್ಟು ಪೂಜೆ ಮಾಡೋರು ಆ ಎಂಜಿನಿಯರುಗಳ ಶ್ರಮಕ್ಕೇ ಅವಮಾನ ಮಾಡ್ತಿದಾರೆ. ಇನ್ನೊಂದು ಮಾತು: ಬೀರುವಿನಲ್ಲಿಟ್ಟರೂ ಒಳಗಿನ ಎಣ್ಣೆ ಹಳೇದಾಗುತ್ತೆ, ರಬ್ಬರ್ ಒಣಗುತ್ತೆ. ಕಟ್ಟದೇ ಇದ್ರೆ ವಾಚಿಗೆ ವಯಸ್ಸೇ ಆಗಲ್ಲ ಅನ್ನೋದು ಭ್ರಮೆ.

3/7
ಈಗ "ದುಬಾರಿ ಅಂದ್ರೆ ಗಟ್ಟಿ" ಪಾರ್ಟಿಗೆ.

ಈ ಫೋಟೋ ಜೂಮ್ ಮಾಡಿ, ಹಿಂಬದಿಯ ಮುಚ್ಚಳದಲ್ಲಿ "30 ಮೀಟರ್" ಅಂತಿದೆ. ಇದನ್ನು ಕಟ್ಕೊಂಡು 30 ಮೀಟರ್ ಆಳಕ್ಕೆ ಇಳೀಬಹುದು ಅಂದ್ಕೊಂಡ್ರಾ? ಇಲ್ಲ. ಅದು ಲ್ಯಾಬಿನಲ್ಲಿ ಅಲುಗಾಡದ ಸ್ಥಿತಿಯಲ್ಲಿ ಕೊಟ್ಟ ಒತ್ತಡದ ಲೆಕ್ಕ. ದಿನಬಳಕೆಯ ಭಾಷೆಯಲ್ಲಿ 30 ಮೀಟರ್ ಅಂದ್ರೆ ಕೈ ತೊಳೆಯುವಾಗ ನಾಲ್ಕು ಹನಿ ಬಿದ್ರೆ ಪರವಾಗಿಲ್ಲ, ಅಷ್ಟೇ. ಈಜಬೇಕು ಅಂದ್ರೆ 100 ಮೀಟರ್ ಇರಲಿ. ಹಲವು ಲಕ್ಷದ ತೆಳು ಡ್ರೆಸ್ ವಾಚುಗಳಲ್ಲಿ ಬರೆದಿರೋದು ಇದೇ 30. ಕೆಲವೇ ಸಾವಿರದ ಡಿಜಿಟಲ್ ವಾಚುಗಳಲ್ಲಿ 200 ಬರೆದಿರುತ್ತೆ.

ನೀರು ತಡೆಯೋದು ಬ್ರ್ಯಾಂಡಿನ ಹೆಸರಲ್ಲ, ಗ್ಯಾಸ್ಕೆಟ್. ಅಡುಗೆಮನೆಯ ಕುಕ್ಕರ್ ಮುಚ್ಚಳದಲ್ಲಿರುತ್ತಲ್ಲ, ಅದರದ್ದೇ ಪುಟ್ಟ ತಂಗಿ. ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದಾಗ ಅಮ್ಮ ಏನ್ಮಾಡ್ತಾರೆ? ಬದಲಾಯಿಸ್ತಾರೆ. ವಾಚಿನದ್ದೂ ಹಾಗೇ. ಬಿಸಿನೀರು, ಹಬೆ, ಸೋಪು ಅದನ್ನು ಬೇಗ ಹಾಳು ಮಾಡ್ತವೆ. ಹಾಗಾಗಿ ಸ್ನಾನಕ್ಕೆ ಹೋಗೋ ಮುಂಚೆ ಬಿಚ್ಚಿಡಿ.

ಇನ್ನು ಚಿನ್ನ. 18 ಕ್ಯಾರಟ್ ಅಂದ್ರೆ ನೂರಕ್ಕೆ 75 ಪಾಲು ಚಿನ್ನ. ನೋಡೋಕೆ ಚೆಂದ, ಆದ್ರೆ ಸ್ಟೀಲಿಗಿಂತ ಮೆತ್ತಗೆ. ದಿನಾ ಬಸ್ಸಿನ ಕಂಬಿಗೆ ತಾಗಿದ್ರೆ ಗೀರು ಬಿದ್ದೇ ಬೀಳುತ್ತೆ. ಚರ್ಮದ ಪಟ್ಟಿ ಮಂಗಳೂರಿನ ಸೆಕೆಗೆ, ಮಲೆನಾಡಿನ ಮಳೆಗೆ ಸಿಕ್ಕಿದ್ರೆ ವಾಸನೆ ಹಿಡಿದು, ಬಿರುಕು ಬಿಟ್ಟು ಹೋಗುತ್ತೆ. ಅಂದ್ರೆ ಹೆಚ್ಚು ದುಡ್ಡು ಕೊಟ್ಟು ನೀವು ಕಡಿಮೆ ತಾಳಿಕೆ ಕೊಂಡಿರೋ ಸಾಧ್ಯತೆಯೂ ಇದೆ.

4/7
"ಸಫೈರ್ ಗಾಜು ಇದೆ, ಏನೂ ಆಗಲ್ಲ." ಈ ಡೈಲಾಗ್ ಎಲ್ಲರೂ ಕೇಳಿರ್ತೀರ.

ಮೋಸ್ ಮಾಪಕದಲ್ಲಿ ವಜ್ರ 10, ಸಫೈರ್ 9. ನೆಲದ ಧೂಳು-ಮರಳಿನಲ್ಲಿರೋ ಕ್ವಾರ್ಟ್ಜ್ 7. ಹಾಗಾಗಿ ದಿನನಿತ್ಯದ ಧೂಳು ಸಫೈರನ್ನು ಗೀರಲ್ಲ, ಸರಿ. ಆದ್ರೆ ಗೀರು ಬೀಳದಿರೋದು ಬೇರೆ, ಒಡೆಯದಿರೋದು ಬೇರೆ. ಸಫೈರ್ ಗಡಸು, ಆದ್ರೆ ಬಾಗಲ್ಲ. ಅಂಚಿಗೆ ಸರಿಯಾಗಿ ಏಟು ಬಿದ್ರೆ ಚೂರಾಗುತ್ತೆ. ಆ ಚಂದ್ರಯಾನದ ಸ್ಪೀಡ್‌ಮಾಸ್ಟರಿನಲ್ಲಿ ಇದ್ದದ್ದು ಏನು ಗೊತ್ತಾ? ಪ್ಲಾಸ್ಟಿಕ್ ಗಾಜು! ಗೀರು ಬಿದ್ರೂ ಬೀಳಲಿ, ಚೂರು ಚೂರಾಗಿ ಹಾರಬಾರದು ಅನ್ನೋದು ಅಲ್ಲಿನ ಅಗತ್ಯ.

ನಮ್ಮ ಊರಿನ ಲೆಕ್ಕಕ್ಕೆ ಬನ್ನಿ. ಕಾಲೇಜಿನ ಕಲ್ಲುಬೆಂಚು, ಮೆಟ್ಟಿಲು, ಅಡುಗೆಮನೆ ಕಟ್ಟೆ ಎಲ್ಲಾ ಗ್ರಾನೈಟ್. ಗ್ರಾನೈಟಿನಲ್ಲೂ ಕ್ವಾರ್ಟ್ಜ್ ಇದೆ, ವಾಚಿನ ಸ್ಟೀಲಿಗಿಂತ ಅದು ಗಡಸು. ಕೈ ಊರಿ ಕೂತ್ಕೊಂಡ್ರೆ ಕೊಂಡಿಯ ಮೇಲೆ ಗೀರು ಗ್ಯಾರಂಟಿ, ಬೆಲೆ ಎಷ್ಟೇ ಇರಲಿ.

ಏಟು ತಾಳೋದಕ್ಕೂ ಒಂದು ಮಾನದಂಡ ಇದೆ, ಐಎಸ್‌ಒ 1413. ಸುಮಾರು ಒಂದು ಮೀಟರ್ ಎತ್ತರದಿಂದ ಮರದ ನೆಲಕ್ಕೆ ಬಿದ್ದಷ್ಟು ಏಟನ್ನು ತಾಳಬೇಕು ಅನ್ನೋದು ಅದರ ಅಳತೆ. ಗಮನಿಸಿ: ಮರದ ನೆಲ. ನಮ್ಮ ಹಾಸ್ಟೆಲಿನ ನೆಲ ಮರದ್ದಲ್ಲ.

ಮೆಕ್ಯಾನಿಕಲ್ ವಾಚಿಗೆ ಇನ್ನೊಬ್ಬ ಶತ್ರು ಅಯಸ್ಕಾಂತ. ಫೋನಿನ ಸ್ಪೀಕರ್, ಬ್ಯಾಗಿನ ಮ್ಯಾಗ್ನೆಟ್ ಬಟನ್ ಹತ್ತಿರ ದಿನಾ ಇಟ್ರೆ ಒಳಗಿನ ಕೂದಲೆಳೆ ಸ್ಪ್ರಿಂಗ್ ಅಂಟಿಕೊಂಡು ವಾಚು ಮುಂದೆ ಓಡೋಕೆ ಶುರು ಮಾಡಬಹುದು. ಸರಿಮಾಡೋದು ನಿಮಿಷದ ಕೆಲಸ, ಆದ್ರೆ ಗೊತ್ತಿರಬೇಕು.

5/7
ಬರೀ ಬಾಳಿಕೆ ಬೇಕಾ? ಹಾಗಾದ್ರೆ ಲಕ್ಷದ ಮಾತೇ ಬೇಡ.

ಕ್ಯಾಸಿಯೋ ಎಂಜಿನಿಯರ್ ಕಿಕುವೊ ಇಬೆ, ಅಪ್ಪ ಕೊಟ್ಟ ವಾಚು ಕೆಳಗೆ ಬಿದ್ದು ಒಡೆದು ಹೋದ ಮೇಲೆ ಒಡೆಯದ ವಾಚು ಮಾಡ್ತೀನಿ ಅಂತ ಹೊರಟರು. ಸುಮಾರು 200 ಮಾದರಿಗಳನ್ನು ಕಟ್ಟಡದ ಮೂರನೇ ಮಹಡಿಯ ಕಿಟಕಿಯಿಂದ ಎಸೆದು ಎಸೆದು ನೋಡಿದ್ರು. 1983ರಲ್ಲಿ ಬಂತು ಜಿ-ಶಾಕ್. ಗುರಿ ಮೂರು ಹತ್ತು: 10 ಮೀಟರ್ ಎತ್ತರದ ಬೀಳು, 10 ಬಾರ್ ನೀರಿನ ಒತ್ತಡ, 10 ವರ್ಷ ಬ್ಯಾಟರಿ. ಇವತ್ತಿಗೂ ಅದರ ಸಾದಾ ಮಾಡೆಲ್ ಕೆಲವು ಸಾವಿರಕ್ಕೆ ಸಿಗುತ್ತೆ. ಟೈಮ್ ವಿಷಯದಲ್ಲೂ ಅಷ್ಟೇ. ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರಕ್ಕೆ ಮೆಕ್ಯಾನಿಕಲ್ ವಾಚು ಸರಾಸರಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಬಹುದು. ಸಾಮಾನ್ಯ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡ್ ಹೆಚ್ಚುಕಡಿಮೆ.

ನಮ್ಮ ಎಚ್‌ಎಂಟಿ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಸಹಕಾರದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಮಾಡಿತು. ಕಂಪನಿ ಮುಚ್ಚಿದ್ರೂ "ಜನತಾ" ವಾಚುಗಳು ಇನ್ನೂ ಓಡ್ತಿವೆ. ಅದರಲ್ಲಿ ಸಫೈರ್ ಇಲ್ಲ. ಪ್ಲಾಸ್ಟಿಕ್ ಗಾಜಿನ ಮೇಲೆ ಗೀರು ಬಿದ್ರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ರೆ ಮುಗೀತು. ಮೇಷ್ಟ್ರು, ಗುಮಾಸ್ತರು, ಕಂಡಕ್ಟರುಗಳು ದಿನಾ ಬೆಳಗ್ಗೆ ಕೀ ಕೊಟ್ಟು, ಕಟ್ಕೊಂಡು, ದುಡಿದ ವಾಚು ಅದು. ಅದನ್ನು ಉಳಿಸಿದ್ದು ಅದರ ಬೆಲೆಯಲ್ಲ. ಪೇಟೆ ಬೀದಿಯ ರಿಪೇರಿಯವರು ಬಿಚ್ಚಿ ಸರಿಮಾಡಬಹುದಾದ ಸರಳತೆ.

6/7
"ತಲೆಮಾರು ತಲೆಮಾರಿಗೆ ಬಾಳುತ್ತೆ." ದುಬಾರಿ ವಾಚಿನ ಜಾಹೀರಾತುಗಳ ಮಂತ್ರ ಇದು. ಸುಳ್ಳಲ್ಲ, ಆದ್ರೆ ಅರ್ಧ ಸತ್ಯ.

ಮೆಕ್ಯಾನಿಕಲ್ ವಾಚಿನ ಎದೆ ಸಾಮಾನ್ಯವಾಗಿ ಗಂಟೆಗೆ 28,800 ಸಲ ಬಡಿಯುತ್ತೆ. ದಿನಕ್ಕೆ 6,91,200. ವರ್ಷಕ್ಕೆ ಸುಮಾರು 25 ಕೋಟಿ. ಅಷ್ಟು ಸಲ ತಿಕ್ಕಾಡೋ ಲೋಹಕ್ಕೆ ಎಣ್ಣೆ ಬೇಡ್ವಾ? ಬೇಕು. ಹಾಗಾಗಿ ಐದರಿಂದ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಗ್ಯಾಸ್ಕೆಟ್ ಬದಲಿಸಿ ಕಟ್ಟಬೇಕು. ದೊಡ್ಡ ಬ್ರ್ಯಾಂಡುಗಳಲ್ಲಿ ಆ ಬಿಲ್ಲು ಹತ್ತಾರು ಸಾವಿರ.

ಮಲೆನಾಡಿನ ಹೆಂಚಿನ ಮನೆ ನೂರು ವರ್ಷ ನಿಂತಿರುತ್ತೆ ಅಂತೀವಿ. ಯಾಕೆ ನಿಂತಿರುತ್ತೆ? ಪ್ರತಿ ಮಳೆಗಾಲದ ಮುಂಚೆ ಯಾರೋ ಮಾಡು ಹತ್ತಿ ಒಡೆದ ಹೆಂಚು ಬದಲಿಸಿರ್ತಾರೆ. ಯಾರೂ ಹತ್ತದಿದ್ರೆ ಕೆಲವೇ ಮಳೆಗೆ ಜಂತಿ ಕುಂಬಾಗಿ ಕುಸಿಯುತ್ತೆ. ವಾಚಿನ ಕಥೆಯೂ ಇದೇ. ಬಾಳಿಕೆ ಅನ್ನೋದು ಅಂಗಡಿಯಲ್ಲಿ ಒಂದೇ ಸಲ ಕೊಳ್ಳೋ ಸಾಮಾನಲ್ಲ, ಆಮೇಲೆ ಕಂತುಕಂತಾಗಿ ಕಟ್ಟೋ ಖರ್ಚು. ಆ ಖರ್ಚನ್ನು ಜಾಹೀರಾತಿನಲ್ಲಿ ಯಾರೂ ದೊಡ್ಡಕ್ಷರದಲ್ಲಿ ಹಾಕಲ್ಲ.

ಇನ್ನು "ಫಸ್ಟ್ ಕಾಪಿ" ಹುಡುಕೋರಿಗೆ: ಮುಖದ ಮೇಲೆ 300 ಮೀಟರ್ ಅಂತ ಬರೆಯೋಕೆ ಶಾಯಿ ಸಾಕು. ಒಳಗೆ ನೀರು ಹೋಗದಂತೆ ಮಾಡೋಕೆ ಶಾಯಿ ಸಾಕಾಗಲ್ಲ.

7/7
ಈಗ ಚುಚ್ಚೋ ಮಾತು.

ಸ್ಟೀಲ್ ಕೇಸ್, 100 ಮೀಟರಿಗಿಂತ ಹೆಚ್ಚು ನೀರಿನ ತಡೆ, ತಿರುಗಿಸಿ ಬಿಗಿಯೋ ಕ್ರೌನ್ ಇರೋ ದುಬಾರಿ ವಾಚು ದಿನನಿತ್ಯಕ್ಕೆ ಧಾರಾಳ ಸಾಕು. ಬಸ್ಸು, ಬೈಕು, ಮಳೆ, ಲ್ಯಾಬು ಎಲ್ಲಾ ತಡ್ಕೊಳ್ಳುತ್ತೆ. ತಡ್ಕೊಳ್ಳದೇ ಇರೋದು ಕಟ್ಕೊಂಡವರು. ತೋಳು ಮಡಚಿ, ಕಂಬಿ ತಪ್ಪಿಸಿ, ಯಾರಾದ್ರೂ ಕೈ ಕುಲುಕಿದ್ರೆ ಬೆಚ್ಚಿಬಿದ್ದು, ಗೋಡೆಗೆ ತಾಗಿದ್ರೆ ರಾತ್ರಿಯಿಡೀ ಟಾರ್ಚ್ ಹಾಕಿ ಗೀರು ಹುಡುಕೋರು. ಅಲ್ಲಿ ವಾಚು ಇವರ ಕೈಯಲ್ಲಿಲ್ಲ, ಇವರೇ ವಾಚಿನ ಕೈಯಲ್ಲಿದಾರೆ.

"ಇಂಟರ್‌ವ್ಯೂನಲ್ಲಿ ಇಂಪ್ರೆಷನ್ ಮುಖ್ಯ ಅಲ್ವಾ?" ಅಂತ ಕೇಳ್ತೀರ. ಟೈಮಿಗೆ ಸರಿಯಾಗಿ ಹೋಗಿ. ಅದಕ್ಕಿಂತ ಒಳ್ಳೇ ಇಂಪ್ರೆಷನ್ ಯಾವ ವಾಚೂ ಕೊಡಲ್ಲ.

"ಇಷ್ಟ ಅಂತ ಒಂದಿರುತ್ತಲ್ವಾ?" ಇರುತ್ತೆ, ಇರಲಿ. ಆ ಸಣ್ಣ ಚಕ್ರಗಳ ಕುಸುರಿ ನನಗೂ ಇಷ್ಟ. ಆದ್ರೆ ಇಷ್ಟವನ್ನು ಬಾಳಿಕೆ, ಇನ್ವೆಸ್ಟ್‌ಮೆಂಟ್ ಅಂತ ಸುಳ್ಳು ಹೆಸರಿಟ್ಟು ಮನೆಯವರಿಗೆ ಮಾರಬೇಡಿ. ಎಜುಕೇಶನ್ ಲೋನ್ ತೀರಿಲ್ಲ, ಮನೇಲಿ ತಂಗಿ ಫೀಸು ಬಾಕಿ ಇದೆ, ಅಂಥ ಹೊತ್ತಲ್ಲಿ 24 ಕಂತಿನ ವಾಚು ಕೈಗಲ್ಲ, ಕೊರಳಿಗೆ ಕಟ್ಟಿದ ಹಾಗೆ.

ಕೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ನಾಳೆನೇ ಇದಕ್ಕೆ ಗೀರು ಬಿದ್ರೆ ಊಟ ಸೇರುತ್ತಾ? ಸರ್ವಿಸ್ ಬಿಲ್ ಬಂದಾಗ ಸಾಲ ಇಲ್ದೆ ಕಟ್ತೀನಾ? ಕಳೆದು ಹೋದ್ರೆ ಒಂದು ವಾರ ಬೇಜಾರಾಗಿ ಮುಗಿಯುತ್ತಾ, ಇಲ್ಲ ಬದುಕೇ ಅಲ್ಲಾಡುತ್ತಾ? ಮೂರಕ್ಕೂ ಧೈರ್ಯವಾಗಿ ಉತ್ತರ ಕೊಡೋಕಾದ್ರೆ ಕೊಳ್ಳಿ, ದಿನಾ ಕಟ್ಟಿ, ಗೀರು ಬೀಳಲಿ. ಒಂದಕ್ಕೆ ತಡವರಿಸಿದ್ರೂ ಆ ವಾಚು ನಿಮಗೆ ಇನ್ನೂ ದಿನಬಳಕೆಯದ್ದಲ್ಲ. ವಾಚು ಸಾಲಲ್ಲ ಅಂತಲ್ಲ, ಇನ್ನೂ ಟೈಮ್ ಬಂದಿಲ್ಲ ಅಂತ.

ಒಪ್ಪದವರು ಕಮೆಂಟಲ್ಲಿ ಜಗಳಕ್ಕೆ ಬನ್ನಿ. ಬರುವಾಗ ನಿಮ್ಮ ವಾಚಿನ ಹಿಂಬದಿ ಫೋಟೋ ತನ್ನಿ. ಮುಂಭಾಗ ಎಲ್ಲರೂ ತೋರಿಸ್ತಾರೆ.

#ವಾಚುಕಥೆ #ಬಾಳಿಕೆ #ಎಚ್‌ಎಂಟಿ #ಮೊದಲಸಂಬಳ #ಕನ್ನಡಪೋಸ್ಟ್